ಅಪ್ಪನ ಪಾಲು

"ದೊಡ್ಡವಳು ಎಲ್ಲ ಅಂಕೆಗಳನ್ನೂ ಓದಿದ್ಲು. ಚಿಕ್ಕವಳಿಗೆ ಒಂದೂ ಕಾಣ್ತಿಲ್ಲ." ಕಣ್ಣಿನ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ಮುಚ್ಚಿದರು. "ಇವಳಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತಮ್ಮ."

"ಅದ್ಹೇಗೆ ಡಾಕ್ಟ್ರೇ? ಇಬ್ಬರೂ ಒಂದೇ ಅಚ್ಚಿನ ಅವಳಿಗಳು. ಹೆತ್ತವಳು ನಾನೇ ಎಷ್ಟೋ ಸಲ ಇವಳಿಗೆ ಬೈಯೋದನ್ನ ಅವಳಿಗೆ ಬೈದಿದ್ದೀನಿ."

ಬೈಗುಳಕ್ಕೇನು ಬರವಿರಲಿಲ್ಲ ಬಿಡಿ. ಮೊನ್ನೆ ಅಮ್ಮನ ಹೊಲಿಗೆ ಅಂಗಡಿಯಲ್ಲಿ ಚಿಕ್ಕವಳು ಬ್ಯಾಂಡಿನವರ ಕೆಂಪು ಕೋಟುಗಳಿಗೆಲ್ಲ ಹಸಿರು ದಾರದಲ್ಲಿ ಗುಂಡಿ ತೂರಿಸುವ ಕಾಜಾ ಹೊಲಿದಿಟ್ಟಿದ್ದಳು. ಬೇಕಂತಲೇ ಮಾಡಿದ್ದಾಳೆ ಎಂದಳು ಅಕ್ಕ. ಅಮ್ಮ ಒಂದು ಏಟೂ ಕೊಟ್ಟಳು. ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ಅಪ್ಪ. "ಕಣ್ಣೇನು ಕಿಸೆಯಲ್ಲಿಟ್ಕೊಂಡು ಹೊಲಿತೀಯಾ?" ಎಂದು ಗಿರಾಕಿಗಳ ಮುಂದೆಯೇ ಮಗಳ ಮಾನ ಕಳೆದಿದ್ದ. ಆ ದಾರದ ಬಣ್ಣ ತನಗೂ ತಿಳಿದಿರಲಿಲ್ಲ ಎಂಬುದು ಅವನೊಬ್ಬನಿಗೇ ಗೊತ್ತು.

ಡಾಕ್ಟರು ಸಮಾಧಾನವಾಗಿ ಬಿಡಿಸಿ ಹೇಳಿದರು. "ಹೆಣ್ಣುಮಕ್ಕಳಲ್ಲಿ ಎರಡು ಎಕ್ಸ್ ಕ್ರೋಮೋಸೋಮ್ ಇರುತ್ತೆ. ಒಂದು ಅಪ್ಪನ ಪಾಲು, ಒಂದು ಅಮ್ಮನ ಪಾಲು. ಮಗು ಹೊಟ್ಟೆಯಲ್ಲಿರುವಾಗಲೇ ಒಂದೊಂದು ಜೀವಕೋಶವೂ ಎರಡರಲ್ಲಿ ಒಂದನ್ನ ಮಲಗಿಸಿಬಿಡುತ್ತೆ. ಯಾವುದನ್ನ ಅಂತ ಯಾರೂ ಹೇಳೋಕಾಗಲ್ಲ. ದೊಡ್ಡವಳ ಕಣ್ಣಲ್ಲಿ ದೋಷ ಇರೋದು ಮಲಗಿದೆ. ಇವಳ ಕಣ್ಣಲ್ಲಿ ಸರಿ ಇರೋದೇ ಮಲಗಿಬಿಟ್ಟಿರಬೇಕು. ಪಾಪ, ಇವಳ ತಪ್ಪೇನಿಲ್ಲ. ನಿಮ್ಮಿಬ್ಬರಲ್ಲಿ ಯಾರಿಗಾದ್ರೂ ಹೀಗಿದೆಯಾ?"

ಅಪ್ಪ ಸಿಟಿ ಬಸ್ಸಿನ ಡ್ರೈವರ್. ಕೆಲಸಕ್ಕೆ ಸೇರುವಾಗ ಇಂಥದೇ ಪುಸ್ತಕದ ಅಂಕೆಗಳನ್ನು ಗೆಳೆಯನಿಂದ ಕೇಳಿಕೊಂಡು, ಬಾಯಿಪಾಠ ಮಾಡಿ ಪಾಸಾದವನು. ಈಗ ಹೌದೆಂದರೆ ನಾಳೆಯಿಂದ ಕೆಲಸವಿಲ್ಲ.

"ಇಲ್ಲ," ಎಂದ.

"ಹಾಗಾದ್ರೆ ನನ್ನ ತವರಿನ ಕಡೆಯಿಂದ್ಲೇ ಬಂದಿರಬೇಕು," ಎಂದು ಅಮ್ಮ ಚಿಕ್ಕವಳ ಕೈ ಹಿಡಿದುಕೊಂಡಳು. "ನಾನೇ ಕೊಟ್ಟು, ನಾನೇ ಹೊಡೆದ್ನಲ್ಲೇ ಮಗಳೇ." ಅವಳ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಅಪ್ಪನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ನನ್ನ ದೋಷವನ್ನು ಇನ್ನೊಬ್ಬರ ತಲೆಗೆ ಕಟ್ಟಿ ಕೂತಿದ್ದೇನಲ್ಲ, ಇದೂ ಒಂದು ಬಾಳೇ ಎನ್ನಿಸಿತು.

ಅಮ್ಮ, ಅಕ್ಕ ಅಂಗಡಿ ತೆಗೆಯಲು ಮುಂದೆ ಹೋದರು. ಅಪ್ಪ, ಚಿಕ್ಕವಳು ನಾಲ್ಕಾರು ಜನರ ನಡುವೆ ರಸ್ತೆ ದಾಟಲು ನಿಂತರು. ಬಸ್ಸಿನಲ್ಲಾದರೆ ಮೇಲಿನ ದೀಪ ಹತ್ತಿದರೆ ನಿಲ್ಲು, ಕೆಳಗಿನದು ಹತ್ತಿದರೆ ಹೋಗು ಎಂಬ ಲೆಕ್ಕ ಅವನನ್ನು ಇಷ್ಟು ವರ್ಷ ಕಾಪಾಡಿತ್ತು. ನಡೆದು ಹೋಗುವವರಿಗೆಂದು ಹಾಕಿದ್ದ ಈ ಕಂಬದಲ್ಲಿ ಇದ್ದದ್ದು ಒಂದೇ ದೀಪ, ಅದೇ ಬಣ್ಣ ಬದಲಿಸುತ್ತಿತ್ತು. ಅವನು ಅದನ್ನೇ ದಿಟ್ಟಿಸಿದ, ಕೊನೆಗೆ ಅಂದಾಜಿನ ಮೇಲೆ ಕಾಲು ಮುಂದಿಟ್ಟ.

ಮಗಳು ತೋಳು ಹಿಡಿದು ಹಿಂದಕ್ಕೆಳೆದಳು. ಕಾರೊಂದು ಹಾರನ್ ಹೊಡೆಯುತ್ತಾ ಎದುರಿಗೇ ಹಾದುಹೋಯಿತು.

"ದೀಪ ನೋಡ್ಬೇಡಪ್ಪಾ," ಎಂದಳು ಮೆಲ್ಲಗೆ. "ಪಕ್ಕದವರ ಕಾಲು ನೋಡು. ನಾನು ಹಾಗೇ ದಾಟೋದು."