ಮುಸುಕಿನೊಳಗಿನ ದೊರೆ

ನಿಷ್ಠೆಯ ಆಣೆ ಇಡಲು ಪಾಳೇಗಾರ ಗಾರ್ನಿಯೆ, ದೊರೆಯ ಮುಂದೆ ಮಂಡಿಯೂರಿ ಎರಡೂ ಕೈ ಜೋಡಿಸಿದಾಗ, ಬೆರಳ ಸಂದಿಯಲ್ಲಿ ಕುದುರೆಯ ಜೀನು ಹೊಲಿಯುವ ಸೂಜಿಯೊಂದನ್ನು ಅಡಗಿಸಿಟ್ಟುಕೊಂಡಿದ್ದ.

ದೊರೆ ತಿಯೆರಿಗೆ ಕುಷ್ಠ ಹತ್ತಿ ವರ್ಷಗಳಾಗಿದ್ದವು. ಕುದುರೆ ಏರಲಾಗದೆ ಡೋಲಿಯಲ್ಲೇ ಯುದ್ಧಕ್ಕೆ ಹೋಗುತ್ತಿದ್ದ. ಅದು ಯಾರಿಗೂ ಹೊಸದಲ್ಲ. ಆದರೆ ಚಳಿಗಾಲದ ಜ್ವರದಲ್ಲಿ ಅವನು ತೀರಿಯೇ ಹೋದನಂತೆ, ಸೋದರಮಾವ ಯಾವನೋ ಹಾಡುಗಾರನಿಗೆ ಮುಸುಕು ಹೊದೆಸಿ ಕೂರಿಸಿ ತಾನು ಆಳುತ್ತಿದ್ದಾನಂತೆ ಎಂದು ಯೊರ್ದನ್ ಹೊಳೆಯ ಎರಡೂ ದಡದಲ್ಲಿ ಗುಸುಗುಸು. ಈಗ ಅದೇ ಮುಸುಕಿನಿಂದ ಅಪ್ಪಣೆ ಬಂದಿತ್ತು: ಗಡಿಕೋಟೆಯ ಆಳುಗಳನ್ನೆಲ್ಲ ಕರೆದುಕೊಂಡು ದಂಡಿಗೆ ಬಾ. ಆ ಕೋಟೆಯೊಳಗೆ ಗಾರ್ನಿಯೆಯ ಹೆಂಡತಿ ಇದ್ದಳು, ತುಂಬು ಬಸುರಿ ಸೊಸೆ ಇದ್ದಳು. ದೊರೆಯ ಮಾತಾದರೆ ಸರಿ, ಪ್ರಾಣವನ್ನೇ ಕೊಟ್ಟಾನು. ಯಾವನೋ ಹಾಡುಗಾರನ ಮಾತಿಗೆ ಮನೆ ಹೆಂಗಸರನ್ನು ದಮಸ್ಕದವರ ಕತ್ತಿಯ ಬಾಯಿಗೆ ಬಿಟ್ಟು ಬರಲು ಅವನಿಗೇನು ತಲೆ ಕೆಟ್ಟಿದೆಯೇ?

"ಏನು ಪಾಳೇಗಾರ್ರೇ, ಮಂಡಿ ಹಿಡ್ಕೊಂಡ್ತಾ?" ಪಕ್ಕದಲ್ಲಿ ನಿಂತಿದ್ದ ವೈದ್ಯ ಬುಟ್ರುಸ್ ಕೆಣಕಿದ. "ಆಣೆ ಮಾತು ಮರೆತೋಯ್ತಾ?"

"ಮರೆತಿಲ್ಲ ಕಣಯ್ಯ. ಪದ್ಧತಿ ಪ್ರಕಾರ ಆಗ್ಲಿ. ದೊರೆಗಳು ನನ್ನ ಕೈ ಹಿಡೀಬೇಕು, ಆಮೇಲೆ ತುಟಿಗೆ ಮುತ್ತು. ಅದಿಲ್ದೆ ಆಣೆ ನಿಲ್ಲಲ್ಲ."

"ಮುತ್ತಾ? ಅಸಹ್ಯ ಆಗಲ್ವಾ?"

"ನಂಗ್ಯಾಕೆ ಅಸಹ್ಯ?" ಎಂದ ಗಾರ್ನಿಯೆ. ಗಟ್ಟಿಮುಟ್ಟಾದ ಹಾಡುಗಾರನಿಗೆ ಮುತ್ತು ಕೊಡಲು ಅಸಹ್ಯವೇನು ಬಂತು!

"ಹಿಡೀತೀನಿ ಬಿಡು," ಮುಸುಕಿನೊಳಗಿಂದ ಒಡಕು ದನಿ ಬಂತು. ಹಾಡುಗಾರನಿಗೆ ದನಿ ಬದಲಿಸುವುದು ಯಾವ ಮಹಾ ಕೆಲಸ ಎಂದುಕೊಂಡ ಗಾರ್ನಿಯೆ.

ಬಿಳಿ ಕೈಗವಸು ತೊಟ್ಟ ಎರಡು ಕೈಗಳು ಅವನ ಕೈಗಳ ಮೇಲೆ ಬಂದು ಕೂತವು. ಆಣೆಯ ಮಾತು ಹೇಳುತ್ತಲೇ ಅವನು ಸೂಜಿ ಒತ್ತಿದ. ಕಣ್ಣು ಮುಸುಕಿನ ಮೇಲೆಯೇ ಇತ್ತು. ಮುಸುಕು ಅಲುಗಲಿಲ್ಲ. ಮಾತು ತಡವರಿಸಿದರೂ ಬಿಡದೆ ಇನ್ನೂ ಆಳಕ್ಕೆ ಒತ್ತಿದ. ಕೈಗವಸಿನ ಮೇಲೆ ಕೆಂಪು ಕಲೆ ಹರಡತೊಡಗಿತು. ದೊರೆಯ ಉಸಿರಿನ ಲಯ ಕೂಡ ತಪ್ಪಲಿಲ್ಲ. ಇಷ್ಟು ನೋವನ್ನು ಯಾವ ಹಾಡುಗಾರ ತಡೆದಾನು! ಕುಷ್ಠ ತಿಂದ ಕೈಗಷ್ಟೇ ನೋವು ತಿಳಿಯದು. ಅಯ್ಯೋ ದೇವರೇ, ಇವನೇ, ನಮ್ಮ ದೊರೆಯೇ, ಬದುಕಿದ್ದಾನೆ! ಗಾರ್ನಿಯೆ "ನಾನು ನಿಮ್ಮವನು, ನನ್ನ ಕತ್ತಿ ನಿಮ್ಮದು" ಎಂಬ ಕೊನೆಯ ಮಾತನ್ನು ಅಳುತ್ತಲೇ ಮುಗಿಸಿದ.

"ರಕ್ತ ಬಂತಾ?" ದೊರೆ ಮೆಲ್ಲಗೆ ಕೇಳಿದ. "ನಂಗೆ ಗೊತ್ತಾಗಲ್ಲ, ನೀನೇ ಹೇಳ್ಬೇಕು."

"ದೊರೇ..."

"ಆಣೆ ಮಧ್ಯೆ ತಡವರಿಸಿದೆ ನೋಡು, ಆಗ್ಲೇ ತಿಳೀತು. ಇರ್ಲಿ. ಖಾತ್ರಿ ಆಯ್ತಲ್ಲ? ಬಾ, ಈಗ ಮುತ್ತು ಕೊಡು."

ಮುಸುಕು ಸರಿಯಿತು. ಮೂಗಿದ್ದ ಜಾಗ, ತುಟಿಯಿದ್ದ ಜಾಗ. ಕಣ್ಣೆರಡು ಮಾತ್ರ ಹಳೆಯವೇ. ದೊರೆಯ ಕಾಲು ಹಿಡಿದು ಅತ್ತುಬಿಡಬೇಕು ಎನಿಸಿತು ಗಾರ್ನಿಯೆಗೆ. ಆದರೆ ಕತ್ತು ಮುಂದಕ್ಕೆ ಬಾಗಲೇ ಇಲ್ಲ.

ದೊರೆ ಸ್ವಲ್ಪ ಹೊತ್ತು ಕಾದ. ಆಮೇಲೆ ಮುಸುಕನ್ನು ತಾನೇ ಎಳೆದುಕೊಂಡ.

"ಬುಟ್ರುಸ್, ಬೇರೆ ಕೈಗವಸು ಕೊಡಪ್ಪಾ," ಎಂದ. "ಸೂಜಿ ಎಲ್ಲರೂ ತರ್ತಾರೆ. ಮುತ್ತು ತರೋನು ಇನ್ನೂ ಬಂದಿಲ್ಲ."