ಬೊನವೆಂಚರ್ ವೈನ್

ಭರಣಿಯಲ್ಲಿ ವೈನ್ ಕಡಿಮೆಯಾದದ್ದು ಸೆವ್ರಿನಾಳಿಗೆ ಗೊತ್ತಾಗಿದೆಯೋ ಇಲ್ಲವೋ? ಗೊತ್ತಾಗಿದ್ದರೆ ಹೀಗೆ ನಗುತ್ತ ಎದುರಿಗೆ ಕೂರುತ್ತಿದ್ದಳೇ? ಬೊನವೆಂಚರ್ ತಲೆ ಎತ್ತದೆ ವೈನ್ ಬಾಟಲಿಗೆ ಅಂಟಿಸುವ ಲೇಬಲ್ಲಿನ ಮೇಲೆ ಕುಂಚದಿಂದ ದ್ರಾಕ್ಷಿ ಎಲೆಯ ಚಿತ್ರ ಬಿಡಿಸುತ್ತಿದ್ದ.

ಇಗರ್ಜಿಯಲ್ಲಿ ಮೊಣಕಾಲೂರಿ ಆಣೆ ಮಾಡಿ ಕುಡಿತ ಬಿಟ್ಟವನು ಅವನು. ಆದರೂ ಹೆಂಡತಿ ಸೆವ್ರಿನಾ ಕ್ರಿಸ್‌ಮಸ್ಸಿಗೆಂದು ಮಾಡುವ ವೈನನ್ನು, ಅವಳು ಬಲಿಪೂಜೆಗೆ ಹೋದಾಗಲೆಲ್ಲ ಒಂದು ಗುಟುಕು ಕದ್ದು ಕುಡಿಯುತ್ತಿದ್ದ. ಅಷ್ಟಕ್ಕೇ ಅಮಲೇರಿದಂತೆ ಕಿವಿ ಬಿಸಿಯಾಗುತ್ತಿತ್ತು. ಆಮೇಲೆ ದಿನವಿಡೀ ಅವಳ ಮುಖ ನೋಡಲಾಗುತ್ತಿರಲಿಲ್ಲ.

“ಹೆಸರು ಏನು ಹಾಕುವುದು?” ಎಂದು ಕೇಳಿದ.

“ನಿಮ್ಮದೇ ಹಾಕಿ. ಬೊನವೆಂಚರ್ ವೈನ್.”

“ಕುಡಿಯದವನ ಹೆಸರಾ? ಜನ ನಗ್ತಾರೆ ಮಾರಾಯ್ತಿ.”

“ನಗ್ಲಿ. ಬಿಟ್ಟ ಮೇಲೆ ಒಂದು ಹನಿ ಮುಟ್ಟದ ಗಂಡ ಈ ಬೀದಿಯಲ್ಲಿ ಬೇರೆ ಯಾರಿದ್ದಾರೆ, ಹೇಳಿ.”

ಕುಂಚದ ಬಣ್ಣ ಎಲೆಯ ಗೆರೆ ದಾಟಿತು. ಈಗಲೇ ಹೇಳಿಬಿಡಬೇಕೆಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಲೇಬಲ್ಲಿನ ಕೆಳಗೆ ಬೆರಳಿಟ್ಟಳು.

“ಇಲ್ಲಿ ‘ಅಮಲಿಲ್ಲದ್ದು’ ಅಂತ ಬರೀರಿ. ಮಕ್ಕಳಿರುವ ಮನೆಗೂ ಕೊಡ್ಬೇಕಲ್ಲ.”

“ಅಮಲಿಲ್ಲದ್ದಾ?”

“ಮತ್ತೆ? ನೀವು ಬಿಟ್ಟ ವರ್ಷದಿಂದ ನಾನು ಯೀಸ್ಟ್ ಹಾಕುವುದೇ ಇಲ್ಲ. ದ್ರಾಕ್ಷಿ ರಸ ಕುದಿಸಿ, ಲವಂಗ ಹಾಕಿ ಇಡುವುದು. ಹಬ್ಬದ ದಿನ ನೀವೂ ನನ್ನೊಟ್ಟಿಗೆ ಒಂದು ಗ್ಲಾಸ್ ಕುಡೀಬಹುದಲ್ಲ ಅಂತ. ನಂಗೂ ಕೊಡು ಅಂತ ಕೇಳಿದ್ರೆ ಹೇಳುವ ಅಂತ ಇದ್ದೆ. ನೀವು ಕೇಳಲೇ ಇಲ್ಲ.”

ಅವಳು ತೋರಿಸಿದಲ್ಲಿ ಅವನು ಸಣ್ಣ ಅಕ್ಷರದಲ್ಲಿ ಬರೆದ. ಕದ್ದು ಕುಡಿದದ್ದನ್ನು ಮಾತ್ರ ಅವಳಿಗೆ ಯಾವತ್ತೂ ಹೇಳಲಿಲ್ಲ.