ಗುಂಡಿ ಮೇಜು

ಒದ್ದೆ ಚಾದರಗಳ ಬುಟ್ಟಿಗೆ ಅವಳು ಕೈ ಹಾಕುವಷ್ಟರಲ್ಲಿ ಮೆಣಸಿನಕಾಯಿ ಅದನ್ನು ಕಿತ್ತುಕೊಂಡಳು.

"ಬಿಡು. ನಿನಗೆ ಇಲ್ಲಿ ಕೆಲಸ ಇಲ್ಲ. ಗುಂಡಿ ಮೇಜಿಗೆ ಹೋಗ್ಬೇಕಂತೆ, ಅಕ್ಕ ಹೇಳಿದಾರೆ."

ಮೆಣಸಿನಕಾಯಿ ಬಟ್ಟೆ ಮಡಿಸುವವಳು. ಬಾಯಿ ತೆರೆದರೆ ಎದುರಿನವರ ಕಣ್ಣಲ್ಲಿ ನೀರು ಬರಬೇಕು, ಅದಕ್ಕೇ ಆ ಹೆಸರು. ಆದರೆ ಈ ಮಾತು ಅವಳದಲ್ಲ, ಮೇಲ್ವಿಚಾರಕಿಯದು. ಹೋಟೆಲುಗಳ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಎಲ್ಲರೂ ಅಕ್ಕ ಎನ್ನುವ, ಎಲ್ಲರೂ ಹೆದರುವ ಹೆಂಗಸು.

ಗುಂಡಿ ಮೇಜು ಇದ್ದದ್ದು ಮೂಲೆಯಲ್ಲಿ, ಶೌಚಾಲಯದ ಬಾಗಿಲ ಪಕ್ಕ. ಇಡೀ ಹಾಲ್‌ನಲ್ಲಿ ಕುರ್ಚಿ ಅಂತ ಇದ್ದದ್ದು ಅಲ್ಲೊಂದೇ. ಉಳಿದವರೆಲ್ಲ ನಿಂತೇ ದುಡಿಯಬೇಕು. ಮಾಣಿಗಳ ಅಂಗಿಗೆ ಕಿತ್ತುಹೋದ ಗುಂಡಿ ಹಾಕುವ ಕೆಲಸ. ಮನಸ್ಸು ಮಾಡಿದರೆ ಮಧ್ಯಾಹ್ನದೊಳಗೆ ಮುಗಿಯುವಂಥದ್ದು. ಕೆಲವೇ ತಿಂಗಳ ಹಿಂದೆ ಅವಳು ಇಲ್ಲಿ ಸೇರಿದಾಗ ಕಣ್ಣು ಮಂಜಾದ ಒಬ್ಬ ಅಜ್ಜಿ ಅಲ್ಲಿ ಕೂತಿದ್ದಳು. ಸ್ವಲ್ಪ ದಿನಕ್ಕೇ ಆಕೆಯನ್ನು ಮನೆಗೆ ಕಳಿಸಿದ್ದರು. ಹಾಗಾದರೆ ಈಗ ತನ್ನ ಸರದಿ.

ಗೊತ್ತಾಗಿಹೋಗಿದೆ ಎಂದುಕೊಂಡಳು. ಹೊಟ್ಟೆನೋವೆಂದು ರಜೆ ಹಾಕಿ ಎಲ್ಲಿಗೆ ಹೋಗಿದ್ದೆ ಎಂದು ಯಾರೋ ಹೇಳಿಬಿಟ್ಟಿದ್ದಾರೆ.

ಹೋಗಿದ್ದು ಆಸ್ಪತ್ರೆಗೆ, ಗರ್ಭ ತೆಗೆಸಿಕೊಳ್ಳಲು. ಇಬ್ಬರು ಮಕ್ಕಳಲ್ಲಿ ಚಿಕ್ಕದು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಗಂಡನ ಕಾರ್ಖಾನೆ ಮುಚ್ಚಿತ್ತು. ಗಂಡ ಹೆಂಡತಿ ಇಬ್ಬರೂ ಕೂತು, ಅತ್ತು, ಒಂದೇ ಮಾತಿಗೆ ಬಂದಿದ್ದರು. ಕಳಿಸುವಾಗ ನರ್ಸ್ ಮಗುವಿಗೆ ಹೇಳುವಂತೆ ಹೇಳಿದ್ದಳು: "ಭಾರ ಎತ್ತಬೇಡಿ. ಕೊಟ್ಟ ಮಾತ್ರೆ ಪೂರ್ತಿ ಮುಗಿಸಿ. ಮುಟ್ಟಿನ ಥರ ರಕ್ತ ಹೋಗತ್ತೆ, ಹೆದರಬೇಡಿ. ಆದರೆ ಪ್ಯಾಡ್ ಮೇಲೆ ಪ್ಯಾಡ್ ನೆನೀತಾ ಇದ್ರೆ, ಜ್ವರ ಬಂದ್ರೆ, ತಡ ಮಾಡದೆ ಬನ್ನಿ. ಅಳು ಬಂದ್ರೆ ಅತ್ತುಬಿಡಿ, ಅದೂ ಆಗೋದೇ."

ಭಾರ ಎತ್ತಬೇಡಿ ಅಂತೆ! ಈ ಲಾಂಡ್ರಿಯಲ್ಲಿ ಭಾರ ಎತ್ತದವಳಿಗೆ ಸಂಬಳ ಯಾರು ಕೊಡುತ್ತಾರೆ?

ಗುಂಡಿ ಮೇಜಿಗೆ ಕೂತ ದಿನದಿಂದ ಅವಳು ಹತ್ತಿರ ಬಂದರೆ ಮಾತು ನಿಲ್ಲತೊಡಗಿತು. ಅವಳ ಯಂತ್ರದ ಮುಂದೆ ಬೇರೆ ಯಾರೋ ನಿಂತರು. ಇಸ್ತ್ರಿಯವಳು ಕೇಳದೆಯೇ ಬಿಸಿ ಚಹಾ ತಂದಿಟ್ಟು, ಮುಖ ನೋಡದೆ ಹೋದಳು. ಕೆಲಸ ಕಳೆದುಕೊಳ್ಳುವವಳ ಮೇಲೆ ಕನಿಕರ, ಮತ್ತೇನು? ಮೆಣಸಿನಕಾಯಿಯಂತೂ ಬಿಡಲಿಲ್ಲ. "ಮಹಾರಾಣಿ ಹಾಗೆ ಕೂತ್ಕೊಳ್ಳಮ್ಮ, ಸಾಯೋಕೆ ನಾವಿದೀವಲ್ಲ."

ಒಮ್ಮೆ ಕಿಬ್ಬೊಟ್ಟೆ ಹಿಂಡಿದಂತಾಗಿ ಶೌಚಾಲಯಕ್ಕೆ ಓಡಿದಳು. ರಕ್ತ ಹೆಚ್ಚೇನೂ ಇರಲಿಲ್ಲ. ಆದರೆ ಅಳು ಉಕ್ಕಿ ಬಂತು. ಮಾಡಿದ್ದು ತಪ್ಪೆಂದಲ್ಲ. ಆಗಿದ್ದನ್ನು ಯಾರ ಬಳಿಯೂ ಹೇಳಿಕೊಳ್ಳುವಂತಿಲ್ಲವಲ್ಲ ಎಂಬ ಸಂಕಟಕ್ಕೆ. ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಹೊರಗೆ ಪಿಸುಮಾತು ಕೇಳಿಸಿತು. "ಇನ್ನೂ ಒಳಗೇ ಇದಾಳಾ?"

"ಹೂಂ. ತುಂಬ ಹೊತ್ತಾಯ್ತು. ಅಕ್ಕನಿಗೆ ಹೇಳೋದೇ ವಾಸಿ."

ಕಾವಲು ಬೇರೆ! ಅವಳಿಗೆ ರೇಗಿಹೋಯಿತು. ತಾನು ಗಟ್ಟಿಮುಟ್ಟಾಗಿದ್ದೇನೆಂದು ತೋರಿಸಿಬಿಡಬೇಕು. ಮರುದಿನ ಯಾರೂ ಇತ್ತ ನೋಡದಿದ್ದಾಗ ಎದ್ದು ಹೋಗಿ, ತುಂಬಿದ ಬುಟ್ಟಿಯೊಂದನ್ನು ಸೊಂಟದವರೆಗೆ ಎತ್ತಿಯೇಬಿಟ್ಟಳು.

"ಇಡು ಕೆಳಗೆ!" ಅಕ್ಕ ಕೂಗಿದ ರಭಸಕ್ಕೆ ಇಡೀ ಹಾಲ್ ತಿರುಗಿ ನೋಡಿತು. "ಯಾರೇ ಹೇಳಿದ್ದು ನಿನಗೆ? ಇನ್ನೊಂದು ಸಲ ಮುಟ್ಟಿದ್ರೆ ಸೀದಾ ಮನೆಗೆ ಕಳಿಸ್ತೀನಿ."

ನಾಚಿಕೆಯಿಂದ ಅವಳು ಭೂಮಿಗಿಳಿದು ಹೋದಳು. ಮನೆ ಸೇರುವ ಹೊತ್ತಿಗೆ ರಕ್ತ ಜಾಸ್ತಿಯಾಗಿತ್ತು. ಗಂಡ ಹೆದರಿ ಮಕ್ಕಳನ್ನು ಪಕ್ಕದ ಮನೆಗೆ ಬಿಟ್ಟು ಬಂದ, ಆಸ್ಪತ್ರೆಗೆ ಫೋನ್ ಮಾಡಿದ. ಮಲಗಿಸಿ, ಎಷ್ಟು ಹೋಗುತ್ತಿದೆ ನೋಡುತ್ತಿರಿ, ಕಡಿಮೆಯಾಗದಿದ್ದರೆ ಕರೆತನ್ನಿ ಎಂದರು. ಬಿಸಿನೀರಿನ ಚೀಲವನ್ನು ಹೊಟ್ಟೆಗೆ ಒತ್ತಿಟ್ಟು ಪಕ್ಕದಲ್ಲೇ ಕೂತ. ನಿಧಾನವಾಗಿ ಕಡಿಮೆಯಾಯಿತು.

"ಹೋದ್ರೆ ಹೋಗ್ಲಿ ಬಿಡೇ ಆ ಕೆಲಸ. ನೀನೊಬ್ಬಳು ನೆಟ್ಟಗಿದ್ರೆ ಸಾಕು" ಎಂದ.

"ನಾಲ್ಕು ಬಾಯಿಗೆ ಊಟ ಎಲ್ಲಿಂದ ತರ್ತೀರಿ?" ಎಂದಳು. ಅವನು ತಲೆ ತಗ್ಗಿಸಿದ. ಹಾಗೆ ಕೇಳಬಾರದಿತ್ತು ಎನಿಸಿ ಅವನ ಕೈ ಹಿಡಿದುಕೊಂಡಳು.

ಆಮೇಲೆ ಬಾಯಿ ಮುಚ್ಚಿಕೊಂಡು ಗುಂಡಿ ಹಾಕಿದಳು. ಹೊಟ್ಟೆ ತುಂಬ ಉಂಡಳು, ನೀರು ಕುಡಿದಳು, ಮಾತ್ರೆ ಮುಗಿಸಿದಳು. ಮೈ ಹಗುರವಾಗುತ್ತ ಬಂತು, ಮನಸ್ಸಿನ ದಿಗಿಲು ಮಾತ್ರ ಇಳಿಯಲಿಲ್ಲ. ಆ ವಾರದ ಕೊನೆಯಲ್ಲಿ, ಎಲ್ಲರೂ ಮನೆಗೆ ಹೊರಟಾಗ, ಅಕ್ಕ ಅವಳನ್ನು ತನ್ನ ಕೋಣೆಗೆ ಕರೆದಳು. ಬಾಗಿಲು ಹಾಕಿದಳು.

ಅವಳು ಮೊದಲೇ ಕೈ ಮುಗಿದಳು. "ಅಕ್ಕಾ, ನಿಮ್ಮ ದಮ್ಮಯ್ಯ, ಕೆಲಸದಿಂದ ತೆಗೀಬೇಡಿ. ನಾನು ಎಲ್ಲರ ಹಾಗೇ ಎತ್ತಬಲ್ಲೆ. ಬೇಕಾದ್ರೆ ಈಗಲೇ..."

"ಅದಿರಲಿ." ಅಕ್ಕನ ದನಿ ತಗ್ಗಿತ್ತು. "ರಕ್ತ ನಿಂತಿತಾ?"

ಅವಳು ಹೌದೆಂದು ತಲೆಯಾಡಿಸಿದಳು.

"ರಜೆ ಮುಗಿಸಿ ಗೋಡೆ ಹಿಡ್ಕೊಂಡು ಒಳಗೆ ಬಂದೆಯಲ್ಲ ಆವತ್ತು, ಆಗಲೇ ಗೊತ್ತಾಯ್ತು. ಇಲ್ಲಿ ದುಡಿಯೋ ಎಷ್ಟೋ ಜನರನ್ನ ಹಾಗೇ ಗುರುತು ಹಿಡಿದು ಆ ಕುರ್ಚೀಲಿ ಕೂರಿಸಿದೀನಿ. ನನ್ನನ್ನ ಹಿಂದಿನ ಅಕ್ಕ ಹಿಡಿದಿದ್ರು." ಅವಳ ಹೆಗಲ ಮೇಲೆ ಕೈಯಿಟ್ಟಳು. "ಇಲ್ಲಿ ಯಾರೂ ಕೇಳಲ್ಲ. ನೀನೂ ಕೇಳಬೇಡ. ಸೋಮವಾರದಿಂದ ನಿನ್ನ ಯಂತ್ರಕ್ಕೆ ಹೋಗು."

ಅವಳು ಕಣ್ಣೊರೆಸಿಕೊಂಡು ಬಾಗಿಲ ಬಳಿ ಹೋದಾಗ ಅಕ್ಕ ಹಿಂದಿನಿಂದ ಮೆಲ್ಲಗೆ ಹೇಳಿದಳು: "ಕುರ್ಚಿ ಮೇಲೊಂದು ದಿಂಬು ಹಾಕಿ ಹೋಗು. ಮೆಣಸಿನಕಾಯಿ ನಾಳೆ ಆಸ್ಪತ್ರೆಗೆ ಹೋಗ್ತಿದಾಳೆ."